ಸಾವ್ಕಾರನ ಮನಿ ಬಾಗ್ಲಿಗೆ ಹೋಗೋಕಿಂತ ಮೊದ್ಲು

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪಿಯುಸಿ ರಿಸಲ್ಟು, ಸಿಇಟಿ ರ‍್ಯಾಂಕು ಬಂತಂದ್ರ ನಮ್ಮ ಕಡೆ ಮನಿಯೊಳಗ ಎರಡು ದಿನ ಖುಷಿ, ಮೂರನೇ ದಿನದಿಂದ ಬರೀ ಫೀಸಿನ ಮಾತು. ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲಾ ಅದೇ ಆಗ್ಯಾವ. ನಾನು ಕೊಪ್ಪಳದಾಗ ಕಾಲೇಜ್ ಆಫೀಸಿನ ಸ್ಕಾಲರ್‌ಶಿಪ್ ಟೇಬಲ್ ಮುಂದ ಬಾಳ ವರ್ಷ ಕುಂತು ರಿಟೈರ್ ಆದಾಕಿ, ಹಂಗಾಗಿ ಈ ತಿಂಗಳು ಅಡುಗಿ, ಆರೋಗ್ಯದ ಪ್ರಶ್ನೆ ಎಲ್ಲಾ ಬದಿಗಿಟ್ಟು ಇದೊಂದನ್ನ ತಗೊಂಡೀನಿ. ಬರದವರ ಹೆಸ್ರು ಹಾಕಿಲ್ಲ, ಊರು ಮಾತ್ರ ಹಾಕೀನಿ.

ಪ್ರಶ್ನೆ: ಅಕ್ಕಾರ, ನಮ್ಮದು ಕಾರಟಗಿ ಹತ್ರದ ಹಳ್ಳಿ. ಎರಡು ಎಕ್ರೆ ಭತ್ತದ ಗದ್ದಿ ಐತಿ, ಅದೂ ನಮ್ಮ ಮಾವನ ಹೆಸ್ರಿನ್ಯಾಗ, ಅವ್ರು ತೀರ್ಕೊಂಡು ಆರು ವರ್ಷ ಆತು. ಮಗಳಿಗೆ ಸಿಇಟಿ ಮ್ಯಾಲೆ ಇಂಜಿನಿಯರಿಂಗ್ ಸೀಟ್ ಸಿಕ್ಕೈತಿ, ಬಳ್ಳಾರಿ ಕಾಲೇಜು, ಸರ್ಕಾರಿ ಕೋಟಾದ ಸೀಟು. ನಾವು 2ಎ, ಹಿಂದುಳಿದ ವರ್ಗ. ಆಕಿ ಹತ್ತನೆತ್ತಿ, ಪಿಯುಸಿ ಎರಡೂ ಸರ್ಕಾರಿ ಶಾಲಿ ಕಾಲೇಜಿನ್ಯಾಗ ಓದ್ಯಾಳ. ಫೀಸು, ಹಾಸ್ಟೆಲು, ಲ್ಯಾಪ್‌ಟಾಪು ಅಂತ ಲೆಕ್ಕಾ ಹಾಕಿ ನಮ್ಮ ಮನಿಯವ್ರು ಸಾವ್ಕಾರನ ಕಡೆ ನೂರಕ್ಕ ಮೂರರಂಗ ಬಡ್ಡಿಗೆ ಒಂದು ಲಕ್ಷ ಕೇಳ್ಯಾರ, ಇಲ್ಲಂದ್ರ ಅರ್ಧ ಎಕ್ರೆ ಮಾರೋಣ ಅಂತಾರ. ಏನ್ ಮಾಡ್ಲಿ?

ಉತ್ತರ: ತಂಗಿ, ಮೊದ್ಲ ಮಾತು, ಸಾವ್ಕಾರನ ದುಡ್ಡಿಗೆ ಈ ವಾರ ಕೈ ಚಾಚಬ್ಯಾಡ್ರಿ, ಹೊಲಾನೂ ಮಾರಬ್ಯಾಡ್ರಿ. ನೂರಕ್ಕ ಮೂರು ಅಂದ್ರ ತಿಂಗಳಿಗೆ ಮೂರು ಸಾವಿರ, ವರ್ಷಕ್ಕ 36,000 ಬರೀ ಬಡ್ಡಿ, ಅಸಲು ಹಂಗ ಕುಂತಿರ್ತೈತಿ. ನಾಕು ವರ್ಷದ ಓದು ಮುಗಿಯೋ ಹೊತ್ತಿಗೆ ಬಡ್ಡೀನ 1,44,000 ಆಗ್ತೈತಿ. ಅದೇ ಒಂದು ಲಕ್ಷ ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ಅರಿವು ಸಾಲದಾಗ ವರ್ಷಕ್ಕ ನೂರಕ್ಕ ಎರಡು ಬಡ್ಡಿಗೆ ಸಿಗ್ತೈತಿ, ಅಂದ್ರ ವರ್ಷಕ್ಕ 2,000. ಮುಸ್ಲಿಂ, ಕ್ರೈಸ್ತ, ಜೈನ ಮಕ್ಕಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಾಗೂ ಅರಿವು ಅಂತನ ಸಾಲ ಐತಿ. ಸಿಇಟಿ ಮ್ಯಾಲೆ ಸೀಟ್ ಸಿಕ್ಕೋರಿಗೆ ಅಂತನ ಮಾಡಿದ್ದು ಈ ಅರಿವು, ನಿಮ್ಮ ಮಗಳು ಅರಸು ನಿಗಮದ್ದರೊಳಗ ಬರ್ತಾಳ.

ಆದ್ರ ಸಾಲ ಅನ್ನೋದು ಕೊನೀ ಮೆಟ್ಲು. ಅದಕ್ಕಿಂತ ಮೊದ್ಲು ತಿರುಗಿ ಕೊಡೋದಿಲ್ಲದ ದುಡ್ಡು ಎಷ್ಟು ಬರ್ತೈತಿ ಅಂತ ನೋಡೋಣ, ನಮ್ಮ ಮಂದಿ ಇದನ್ನ ತಿರುಗಾಮುರುಗಾ ಮಾಡ್ತಾರ, ಮೊದ್ಲು ಸಾಲ ತಂದು ಕಟ್ಟಿ ಆಮ್ಯಾಲೆ ಸ್ಕಾಲರ್‌ಶಿಪ್ ಬಂದ್ರ ನೋಡೋಣ ಅಂತಾರ, ಅಷ್ಟೊತ್ತಿಗೆ ಲಾಸ್ಟ್ ಡೇಟ್ ಮುಗಿದಿರ್ತೈತಿ.

ಆಕಿ ಸರ್ಕಾರಿ ಶಾಲಿ, ಸರ್ಕಾರಿ ಪಿಯು ಕಾಲೇಜಿನ್ಯಾಗ ಓದ್ಯಾಳ ಅಂತ ಬರದೀರಲ್ಲ, ಅದು ಬಾಳ ದೊಡ್ಡ ಮಾತು. ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಅಂತ ಐತಿ, ಹತ್ತನೆತ್ತಿ ಮತ್ತ ಪಿಯುಸಿ ಎರಡೂ ಸರ್ಕಾರಿಯೊಳಗ ಓದಿ ಡಿಗ್ರಿಗೋ ಡಿಪ್ಲೊಮಾಕ್ಕೋ ಸೇರಿದ ಹೆಣ್ಮಕ್ಕಳಿಗೆ ವರ್ಷಕ್ಕ 30,000, ಕೋರ್ಸ್ ಮುಗಿಯೋ ತನಕ. ಕರ್ನಾಟಕದ ಹುಡುಗ್ಯಾರಿಗೂ ಸಿಗ್ತೈತಿ. ಇದರ ಅರ್ಜಿಗೆ ಒಂದು ರೂಪಾಯಿ ಫೀಸಿಲ್ಲ.

ಎರಡನೇದು ಪ್ರಗತಿ. ಎಐಸಿಟಿಇ, ಅಂದ್ರ ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಕೇಂದ್ರದ ಮಂಡಳಿಯವ್ರು, ಟೆಕ್ನಿಕಲ್ ಡಿಗ್ರಿ, ಡಿಪ್ಲೊಮಾ ಮೊದಲನೇ ವರ್ಷಕ್ಕ ಸೇರಿದ ಹುಡುಗ್ಯಾರಿಗೆ ಕೊಡೋದು, ವರ್ಷಕ್ಕ 50,000. ಮನಿ ಆದಾಯ ವರ್ಷಕ್ಕ 8 ಲಕ್ಷದೊಳಗ ಇರ್ಬೇಕು, ಒಂದು ಮನಿಯೊಳಗ ಇಬ್ಬರು ಹೆಣ್ಮಕ್ಕಳ ತನಕ ಕೊಡ್ತಾರ. ಮೆರಿಟ್ ಮ್ಯಾಲೆ ಆರಿಸ್ತಾರ, ಹಂಗಾಗಿ ಸಿಕ್ಕೇ ಸಿಗ್ತೈತಿ ಅಂತ ನಾನು ಹೇಳಂಗಿಲ್ಲ, ಆದ್ರ ಅರ್ಜಿ ಹಾಕದಿದ್ರ ಸಿಗೂದಿಲ್ಲ ಅನ್ನೋದು ಗ್ಯಾರಂಟಿ. ಅರ್ಜಿ ಹಾಕೋದು ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನ್ಯಾಗ, ಅಂದ್ರ ಎನ್‌ಎಸ್‌ಪಿ. ಅಲ್ಲಿ ಮೊದ್ಲು ಒಂದು ಸಲದ ರಿಜಿಸ್ಟ್ರೇಷನ್ ಮಾಡಿ ಮುಖದ ಗುರುತು ಕೊಡ್ಬೇಕು, ಅದಕ್ಕ ಮಗಳನ್ನ ಜತಿಗೆ ಕರ್ಕೊಂಡು ಹೋಗ್ರಿ, ಆಧಾರ್‌ಗೆ ಜೋಡಿಸಿದ ಮೊಬೈಲೂ ಕೈಯಾಗ ಇರ್ಲಿ. ಅಪ್ಪ ಒಬ್ಬನ ಹೋಗಿ ಮಾಡಿಸೋ ಕೆಲಸ ಅಲ್ಲ ಅದು.

ಮೂರನೇದು ಎಸ್‌ಎಸ್‌ಪಿ, ಅಂದ್ರ ನಮ್ಮ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್. ನಿಮ್ಮ ಪ್ರವರ್ಗದ ಶುಲ್ಕ ವಿನಾಯಿತಿ, ಪೋಸ್ಟ್ ಮೆಟ್ರಿಕ್ (ಹತ್ತನೆತ್ತಿ ಮುಗಿದ ಮ್ಯಾಲಿನ ಓದಿಗೆ ಕೊಡೋದು), ವಿದ್ಯಾಸಿರಿ ಎಲ್ಲಾ ಇದೇ ಒಂದು ಅರ್ಜಿಯೊಳಗ ಬರ್ತಾವ. ಆದಾಯದ ಮಿತಿ ಪ್ರವರ್ಗಕ್ಕೊಂದು, ಯೋಜನೆಗೊಂದು ಇರ್ತೈತಿ, ಆ ವರ್ಷದ್ದು ಪೋರ್ಟಲ್‌ನ್ಯಾಗ ನೋಡ್ಕೋರಿ. ಹಾಸ್ಟೆಲ್ ವಿಷಯ ಇಲ್ಲೇ ಹೇಳ್ತೀನಿ: ಹಿಂದುಳಿದ ವರ್ಗಗಳ ಇಲಾಖೆ ಹಾಸ್ಟೆಲಿಗೆ ಮೊದ್ಲು ಅರ್ಜಿ ಹಾಕ್ರಿ, ಊಟ ವಸತಿ ಎರಡೂ ಪುಕ್ಕಟೆ. ಅಲ್ಲಿ ಸೀಟ್ ಸಿಗ್ಲಿಲ್ಲ, ಮಗಳು ರೂಮ್ ಮಾಡ್ಕೊಂಡು ಇರ್ಬೇಕಾತು ಅಂದ್ರ ಅದಕ್ಕಂತನ ವಿದ್ಯಾಸಿರಿ ಐತಿ, ತಿಂಗಳಿಗೆ 1,500ರಂಗ ಹತ್ತು ತಿಂಗಳು ಅಂತ ಶುರು ಮಾಡಿದ್ದು. ಊರಿಂದ ಕಾಲೇಜು ಐದು ಕಿಲೋಮೀಟರ್‌ಗಿಂತ ದೂರ ಇರ್ಬೇಕು ಅನ್ನೋ ಷರತ್ತು ಐತಿ, ಕಾರಟಗಿಯಿಂದ ಬಳ್ಳಾರಿ ಎಷ್ಟು ದೂರ ಅಂತ ನಿಮಗ ನಾ ಹೇಳೋದು ಬ್ಯಾಡ.

ಇನ್ನ ಹೊಲದ ವಿಷಯ. ರೈತರ ಮಕ್ಕಳಿಗೆ ಅಂತ 2021ರಾಗ ರೈತ ವಿದ್ಯಾನಿಧಿ ಶುರು ಮಾಡಿದ್ರು, ಬಿಇ ಓದೋ ಹುಡುಗ್ಯಾರಿಗೆ ವರ್ಷಕ್ಕ 11,000, ಹುಡುಗ್ರಿಗೆ 10,000 ಅಂತ ಇಟ್ಟಿದ್ರು. ಎಸ್‌ಎಸ್‌ಪಿ ತೆಗೆದಾಗ ಆ ವರ್ಷ ಅದು ಐತೋ ಇಲ್ಲೋ ನೋಡ್ಕೊಂಡು ಹಾಕ್ರಿ. ಆದ್ರ ಅದಕ್ಕ ಫ್ರೂಟ್ಸ್ ಐಡಿ, ಅಂದ್ರ ರೈತರ ನೋಂದಣಿ ನಂಬರ್ ಬೇಕು, ಹೊಲ ನಿಮ್ಮ ಮಾವನ ಹೆಸ್ರಿನ್ಯಾಗ ಇದ್ರ ನಿಮ್ಮ ಯಜಮಾನ್ರ ಹೆಸ್ರಿಗೆ ಅದು ಆಗೂದಿಲ್ಲ. ಮಾವ ತೀರ್ಕೊಂಡು ಆರು ವರ್ಷ ಆದ್ರೂ ಪೌತಿ ಖಾತೆ (ತೀರ್ಕೊಂಡವ್ರ ಹೊಲ ವಾರಸುದಾರರ ಹೆಸ್ರಿಗೆ ಹಾಕ್ಸೋದು) ಮಾಡಿಸಿಲ್ಲ ಅಂದ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ, ಸ್ಕಾಲರ್‌ಶಿಪ್ ಒಂದ ಅಲ್ಲ, ಬೆಳೆ ವಿಮೆ, ಪರಿಹಾರ ಎಲ್ಲಾ ಅಲ್ಲೇ ನಿಂತಿರ್ತಾವ. ಮರಣ ಪ್ರಮಾಣಪತ್ರ, ವಂಶಾವಳಿ ತಗೊಂಡು ನಾಡಕಚೇರಿಗೆ ಹೋಗ್ರಿ. ಖಾತೆ ಬದಲಾದ ಮ್ಯಾಲೆ ರೈತ ಸಂಪರ್ಕ ಕೇಂದ್ರದಾಗ ಫ್ರೂಟ್ಸ್ ಮಾಡಿಸ್ರಿ.

ಒಂದು ಎಚ್ಚರಿಕಿ ಹೇಳ್ಬೇಕು. ಪ್ರಗತಿ ಸಿಕ್ಕ ಮ್ಯಾಲೆ ಕೇಂದ್ರದ್ದಾಗ್ಲಿ ರಾಜ್ಯದ್ದಾಗ್ಲಿ ಇನ್ನೊಂದು ಸ್ಕಾಲರ್‌ಶಿಪ್ ಜತಿಗೆ ತಗೊಳ್ಳಂಗಿಲ್ಲ ಅಂತ ಅದರ ನಿಯಮದಾಗ ಐತಿ. ಹಂಗಂತ ಮೊದ್ಲ ಒಂದಕ್ಕ ಮಾತ್ರ ಹಾಕಿ ಕುಂದ್ರಬ್ಯಾಡ್ರಿ, ಎಲ್ಲಾ ಕಡೆ ಹಾಕ್ರಿ, ಆಯ್ಕೆ ಆದ ಮ್ಯಾಲೆ ಯಾವುದು ದೊಡ್ಡದೋ ಅದನ್ನ ಇಟ್ಕೊಂಡು ಇನ್ನೊಂದನ್ನ ಕಾಲೇಜಿನ ನೋಡಲ್ ಆಫೀಸರ್‌ಗೆ ಹೇಳಿ ಬಿಡ್ಬೇಕು. ಮುಚ್ಚಿಟ್ಟು ಎರಡೂ ತಗೊಂಡ್ರ ಆಮ್ಯಾಲೆ ವಾಪಸ್ ಕಟ್ಟು ಅಂತ ನೋಟೀಸ್ ಬರ್ತೈತಿ, ಅಷ್ಟೊತ್ತಿಗೆ ಆ ದುಡ್ಡು ಮನ್ಯಾಗ ಇರೂದಿಲ್ಲ.

ಇಷ್ಟೆಲ್ಲಾ ಹೇಳಿದ್ರೂ ಒಂದು ಸತ್ಯ ಐತಿ, ಸ್ಕಾಲರ್‌ಶಿಪ್ ದುಡ್ಡು ಅಡ್ಮಿಷನ್ ದಿನ ಬರೂದಿಲ್ಲ, ತಿಂಗಳುಗಟ್ಟಲೆ ತಡ ಆಗ್ತೈತಿ. ಮೊದಲ ಕಂತು ಕೈಯಿಂದ ಕಟ್ಬೇಕಾಗ್ತೈತಿ. ಅದಕ್ಕ ಸಂಘದ ಸಾಲ, ಇಲ್ಲಾ ಬ್ಯಾಂಕಿನ್ಯಾಗ ಬಂಗಾರ ಇಟ್ಟು ತಗೊಂಡ್ರೂ ಸಾವ್ಕಾರನಕಿಂತ ಎಷ್ಟೋ ಅಗ್ಗ. ಅರ್ಧ ಎಕ್ರೆ ಮಾರಿದ್ರ ಅದು ತಿರುಗಿ ಬರೂದಿಲ್ಲ ತಂಗಿ, ತುಂಗಭದ್ರಾ ನೀರು ಹಾಯೋ ಗದ್ದಿ ಅದು.

ಪ್ರಶ್ನೆ: ಮೇಡಂ ನಮಸ್ಕಾರ. ನಾನು ರಾಯಚೂರಿನ್ಯಾಗ ಬಿಎಸ್ಸಿ ಎರಡನೇ ವರ್ಷ, ಎಸ್‌ಸಿ. ಹೋದ ವರ್ಷದ ಅರ್ಜಿ ಎಸ್‌ಎಸ್‌ಪಿಯಾಗ ಮಂಜೂರು ಆಗ್ಯದ, ದುಡ್ಡು ಹಾಕ್ಯಾರ ಅಂತ ತೋರಿಸ್ತದ, ಆದ್ರ ನನ್ನ ಅಕೌಂಟಿಗೆ ಒಂದ್ ಪೈಸಾ ಬಂದಿಲ್ರಿ. ಕಾಲೇಜಿನಾಗ ಕೇಳಿದ್ರ ಬ್ಯಾಂಕಿಗೆ ಹೋಗು ಅಂತಾರ, ಬ್ಯಾಂಕಿನಾಗ ಕೇಳಿದ್ರ ಕಾಲೇಜಿಗೆ ಹೋಗು ಅಂತಾರ. ನನ್ನ ಗೆಳೆಯಾಗ ಬಂದದ, ಆದ್ರ ಅವಂಗೂ ಅರ್ಧಾನೇ ಬಂದದ. ಯಾರ ಹತ್ರ ಕೇಳ್ಬೇಕ್ರಿ?

ಉತ್ತರ: ತಮ್ಮಾ, ಇಂಥಾ ಪ್ರಶ್ನೆ ನನ್ನ ಟೇಬಲ್ ಮುಂದ ಬಂದಷ್ಟು ಬ್ಯಾರೆ ಯಾವುದೂ ಬಂದಿಲ್ಲ. ಒಂದು ಸಲದ್ದು ಹೇಳ್ತೀನಿ ಕೇಳು. ಒಬ್ಬಾಕಿ ಹುಡುಗಿ ನಿನ್ನಂಗ ಬಂದು ನಿಂತ್ಳು, ಕಣ್ಣಾಗ ನೀರು. ಪಾಸ್‌ಬುಕ್ ತೋರಿಸು ಅಂದೆ, ಹೊಸಾದು, ಕಾಲೇಜ್ ಸೇರಿದಾಗ ತೆಗೆಸಿದ್ದು, ಎಂಟ್ರಿ ಮಾಡಿಸಿದ್ರ ಬರೀ ಎಸ್‌ಎಂಎಸ್ ಚಾರ್ಜ್ ಕಟ್ ಆಗಿದ್ದು. ಬ್ಯಾರೆ ಅಕೌಂಟ್ ಐತೇನು ಅಂದ್ರ ಇಲ್ಲ ಅಂದ್ಳು. ಐದನೆತ್ತಿಯಾಗ ಶಾಲಿ ಮಾಸ್ತರ್ ಏನರ ತೆಗೆಸಿದ್ರೇನು ನೆನಪ ಮಾಡ್ಕೊ ಅಂದೆ. ಮರುದಿನ ಟ್ರಂಕಿನ ತಳದಾಗಿಂದ ಒಂದು ಪಾಸ್‌ಬುಕ್ ತಂದ್ಳು, ಅಂಚೆಲ್ಲಾ ಇಲಿ ಕಡದಿತ್ತು, ಫೋಟೋದಾಗ ಎರಡು ಜಡಿ, ರಿಬ್ಬನ್. ಶಾಲಿ ದಿನದ ಝೀರೋ ಬ್ಯಾಲೆನ್ಸ್ ಖಾತೆ ಅದು. ಬ್ಯಾಂಕಿಗೆ ಹೋಗಿ ಎಂಟ್ರಿ ಮಾಡಿಸಿದ್ರ ಎರಡು ವರ್ಷದ ಸ್ಕಾಲರ್‌ಶಿಪ್ ಅಲ್ಲೇ ಕುಂತಿತ್ತು! ಆಕಿ ಅಲ್ಲೇ ಕೌಂಟರ್ ಮುಂದ ನೆಲದ ಮ್ಯಾಲೆ ಕುಂತ ಬಿಟ್ಳು.

ಯಾಕ ಹಿಂಗ ಆಗ್ತೈತಿ ಅಂದ್ರ, ಸರ್ಕಾರ ದುಡ್ಡು ಹಾಕೋದು ನೀ ಅರ್ಜಿಯಾಗ ಬರದ ಅಕೌಂಟ್ ನಂಬರಿಗೆ ಅಲ್ಲ, ನಿನ್ನ ಆಧಾರ್ ನಂಬರಿಗೆ. ಆ ಆಧಾರ್ ಎನ್‌ಪಿಸಿಐ ಅನ್ನೋ ಕಡೆ (ಬ್ಯಾಂಕುಗಳ ನಡುವ ದುಡ್ಡು ಕಳಿಸೋ ವ್ಯವಸ್ಥೆ ನೋಡ್ಕೊಳ್ಳೋ ಸಂಸ್ಥೆ ಅದು) ಯಾವ ಬ್ಯಾಂಕಿಗೆ ಮ್ಯಾಪ್ ಆಗಿರ್ತೈತೋ, ಅಂದ್ರ ಜೋಡಿಸಿರ್ತೈತೋ ಅಲ್ಲಿಗೆ ದುಡ್ಡು ಹೋಗ್ತೈತಿ. ಎಷ್ಟು ಬ್ಯಾಂಕಿಗೆ ಆಧಾರ್ ಕೊಟ್ಟಿದ್ರೂ ಮ್ಯಾಪ್ ಆಗೋದು ಒಂದೇ ಬ್ಯಾಂಕಿಗೆ, ಯಾವುದು ಕೊನೀಗೆ ಜೋಡಿಸಿದ್ರೋ ಅದಕ್ಕ. ಕೆಲವರು ಮೊಬೈಲ್ ಅಂಗಡ್ಯಾಗ ಸಿಮ್ ತಗೊಳ್ಳೋವಾಗ ಬೆರಳೊತ್ತಿರ್ತಾರ, ಅಲ್ಲೇ ಒಂದು ಪೇಮೆಂಟ್ ಬ್ಯಾಂಕ್ ಖಾತೆ ಆಗಿರ್ತೈತಿ, ಅವ್ರಿಗೇ ಗೊತ್ತಿರೂದಿಲ್ಲ. ಪಾಸ್‌ಬುಕ್ಕಿಗೆ ಆಧಾರ್ ಜೆರಾಕ್ಸ್ ಕೊಟ್ಟೀನಿ ಅಂದ್ರ ಸಾಲೂದಿಲ್ಲ, ಅದು ಕೆವೈಸಿ, ಅಂದ್ರ ನಿನ್ನ ಗುರುತಿನ ದಾಖಲೆ ಅಷ್ಟೇ, ಮ್ಯಾಪಿಂಗಿಗೆ ಬ್ಯಾರೆ ಫಾರಂ ತುಂಬಿ ಸಹಿ ಮಾಡ್ಬೇಕು. ಬ್ಯಾಂಕಿನ್ಯಾಗ ಹೋಗಿ 'ಆಧಾರ್ ಲಿಂಕ್ ಮಾಡ್ರಿ' ಅನ್ನಬ್ಯಾಡ, 'ಎನ್‌ಪಿಸಿಐ ಸೀಡಿಂಗ್ ಮಾಡ್ರಿ, ಡಿಬಿಟಿ ಬರ್ಬೇಕು' ಅನ್ನು, ಡಿಬಿಟಿ ಅಂದ್ರ ಸರ್ಕಾರದ ದುಡ್ಡು ನೇರ ಖಾತೆಗೆ ಬರೋದು, ಆವಾಗ ಸರಿ ಫಾರಂ ಕೊಡ್ತಾರ.

ನೀ ಈಗ ಮಾಡ್ಬೇಕಾದ್ದು: ಮೈ ಆಧಾರ್ ವೆಬ್‌ಸೈಟಿಗೆ ಹೋಗಿ ಓಟಿಪಿ ಹಾಕಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡು, ಯಾವ ಬ್ಯಾಂಕು, ಚಾಲ್ತಿ ಐತೋ ಇಲ್ಲೋ ತೋರಿಸ್ತೈತಿ. ಆಮ್ಯಾಲೆ ಮೊಬೈಲಿನ್ಯಾಗ ಡಿಬಿಟಿ ಕರ್ನಾಟಕ ಆ್ಯಪ್ ಹಾಕ್ಕೋ, ರಾಜ್ಯ ಸರ್ಕಾರದಿಂದ ಯಾವ ದಿನ ಎಷ್ಟು ಯಾವ ಬ್ಯಾಂಕಿಗೆ ಬಂದೈತಿ ಅಂತ ಎಲ್ಲಾ ಅದರಾಗ ಸಿಗ್ತೈತಿ. ಖಾತೆ ಬಂದ್ ಆಗಿ ದುಡ್ಡು ವಾಪಸ್ ಹೋಗಿದ್ರ ಸೀಡಿಂಗ್ ಸರಿ ಮಾಡಿಸಿ, ಅದರ ಸ್ಕ್ರೀನ್‌ಶಾಟ್ ಪ್ರಿಂಟ್ ತಗೊಂಡು ಸಮಾಜ ಕಲ್ಯಾಣ ಇಲಾಖೆ ತಾಲೂಕು ಆಫೀಸಿಗೆ ಬರವಣಿಗಿಯಾಗ ಅರ್ಜಿ ಕೊಡು. ಬಾಯಿಲೆ ಹೇಳಿ ಬರಬ್ಯಾಡ. ಇನ್ನೊಂದು ಪ್ರತಿ ಮ್ಯಾಲೆ ಅವ್ರ ಸೀಲು, ತಾರೀಕು ಹಾಕಿಸ್ಕೋ.

ನಿನ್ನ ಗೆಳೆಯಾಗ ಅರ್ಧ ಬಂದಿದ್ದು ಮೋಸ ಏನಲ್ಲ. ಎಸ್‌ಸಿ ಪೋಸ್ಟ್ ಮೆಟ್ರಿಕ್ ದುಡ್ಡಿನ್ಯಾಗ ನೂರಕ್ಕ 60 ಕೇಂದ್ರದ ಪಾಲು, 40 ರಾಜ್ಯದ ಪಾಲು, ಎರಡೂ ಬ್ಯಾರೆ ಬ್ಯಾರೆ ದಿನ ಬರ್ತಾವ. ಅದರಾಗ ಕಾಲೇಜಿನ ಫೀಸಿನ ಭಾಗನೂ ಸೇರಿರ್ತೈತಿ, ಬಂದ ಮ್ಯಾಲೆ ಅದನ್ನ ಕಾಲೇಜಿಗೆ ಕಟ್ಬೇಕು. ಬಂದ ಖುಷಿಯೊಳಗ ಫೋನ್ ತಗೊಂಡ ಹುಡುಗ್ರು ಮುಂದ ಹಾಲ್ ಟಿಕೆಟ್ ಟೈಮಿಗೆ ಕಷ್ಟ ಪಟ್ಟಿದ್ದನ್ನ ನಾ ಕಣ್ಣಾರೆ ನೋಡೀನಿ ತಮ್ಮಾ.

ಪ್ರಶ್ನೆ: ನಮ್ಮಪ್ಪ ಸಂಡೂರು ಕಡೆ ಅದಿರಿನ ಗಣಿಯೊಳಗ ಗುತ್ತಿಗೆದಾರನ ಕೈಕೆಳಗ ಹನ್ನೆರಡು ವರ್ಷದಿಂದ ಕೂಲಿ. ನಾನು ಐಟಿಐ ಮಾಡ್ತೀನಿ, ತಂಗಿ ನರ್ಸಿಂಗ್. ಗಣಿ ಕಾರ್ಮಿಕರ ಮಕ್ಕಳಿಗೆ ಬ್ಯಾರೆ ಏನರ ಐತಾ ಅಕ್ಕ?

ಉತ್ತರ: ಐತಿ ತಮ್ಮಾ, ಮತ್ತ ಇದು ನಮ್ಮ ಬಳ್ಳಾರಿ ಜಿಲ್ಲೆಯವರಿಗೆ ಹೇಳಿ ಮಾಡಿಸಿದಂಗ ಐತಿ, ಆದ್ರ ಗಣಿ ಊರುಗಳೊಳಗ ಇದರ ಹೆಸ್ರು ಕೇಳಿದವ್ರನ್ನ ನಾ ಕಂಡಿದ್ದು ಕಮ್ಮಿ. ಕೇಂದ್ರ ಕಾರ್ಮಿಕ ಇಲಾಖೆ ಬೀಡಿ, ಸಿನಿಮಾ, ಸುಣ್ಣದ ಕಲ್ಲು ಗಣಿ ಕಾರ್ಮಿಕರ ಜತಿಗೆ ಕಬ್ಬಿಣ, ಮ್ಯಾಂಗನೀಸ್, ಕ್ರೋಮ್ ಅದಿರು ಗಣಿ ಕಾರ್ಮಿಕರ ಮಕ್ಕಳಿಗೂ ಸ್ಕಾಲರ್‌ಶಿಪ್ ಕೊಡ್ತೈತಿ. ಒಂದನೆತ್ತಿಯಿಂದ ಶುರು, 1,000 ರೂಪಾಯಿಯಿಂದ ಹಿಡಿದು ಬಿಇ, ಎಂಬಿಬಿಎಸ್‌ನಂಥ ಕೋರ್ಸಿಗೆ 25,000 ತನಕ. ಐಟಿಐ, ಡಿಪ್ಲೊಮಾ, ಡಿಗ್ರಿಗೆ 6,000. ಅಪ್ಪ ಕನಿಷ್ಠ ಆರು ತಿಂಗಳು ಕೆಲಸ ಮಾಡಿರ್ಬೇಕು, ನಿಮ್ಮಪ್ಪ ಹನ್ನೆರಡು ವರ್ಷ ದುಡಿದಾನ. ಅರ್ಜಿ ಇದೂ ಎನ್‌ಎಸ್‌ಪಿಯೊಳಗ.

ಕಷ್ಟ ಬರೋದು ಒಂದ ಕಾಗದಕ್ಕ, ಅಪ್ಪ ಗಣಿ ಕೆಲಸಗಾರ ಅಂತ ತೋರ್ಸೋ ಗುರುತಿನ ಚೀಟಿ ಇಲ್ಲಾ ಗಣಿಯೊಳಗ ಕೆಲಸಗಾರರ ಹೆಸ್ರು ಬರಿಯೋ ಬಿ ಫಾರಂ ರಿಜಿಸ್ಟರಿನ ಪ್ರತಿ. ಗುತ್ತಿಗೆದಾರ ನಾಳಿ ಬಾ ನಾಡದು ಬಾ ಅಂತಾನ. ಅಪ್ಪಗ ಒಬ್ಬಗ ಕಳಿಸಬ್ಯಾಡ, ನೀನೂ ಹೋಗು, ಅದರ ಜತಿಗೆ ಅಪ್ಪನ ಕೂಡ ದುಡಿಯೋ ನಾಕು ಮಂದಿ ಮಕ್ಕಳದ್ದೂ ಒಟ್ಟಿಗೆ ಕೇಳ್ರಿ. ಒಬ್ಬಗ ಇಲ್ಲ ಅನ್ನೋದು ಸುಲಭ, ಐದು ಮನಿಯವ್ರು ಬಾಗ್ಲಾಗ ನಿಂತ್ರ ಕೊಡ್ತಾರ.

ಗಣಿ ಅಲ್ಲದ, ಗಾರೆ, ಸೆಂಟ್ರಿಂಗ್, ಪೇಂಟಿಂಗ್ ಕೆಲಸ ಮಾಡೋ ಅಪ್ಪ ಅಮ್ಮ ಇದ್ದೋರು ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಮಾಡಿಸಿದ್ರ ಅಲ್ಲೂ ಮಕ್ಕಳ ಓದಿಗೆ ಸಹಾಯಧನ ಐತಿ. ಕಾರ್ಡ್ ರಿನೀವಲ್ ಆಗಿರ್ಬೇಕು, ಹೋದ ವರ್ಷ ಮುಗಿದ ಕಾರ್ಡ್ ಹಿಡ್ಕೊಂಡು ಹೋದ್ರ ನಡಿಯೂದಿಲ್ಲ.

ಪ್ರಶ್ನೆ: 371ಜೆ ಸರ್ಟಿಫಿಕೇಟ್ ಇದ್ರ ಫೀಸ್ ಮಾಫಿ ಅಂತ ನಮ್ಮೂರಾಗ ಒಬ್ಬರು ಹೇಳಿದ್ರು, ಖರೇನ? (ಕುಷ್ಟಗಿ)

ಉತ್ತರ: ಅಲ್ರೀ. ಸಂವಿಧಾನದ 371ಜೆ ವಿಧಿ ಅನ್ನೋದು ಸೀಟಿಂದು, ಫೀಸಿಂದು ಅಲ್ಲ. ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳೊಳಗ ನೂರಕ್ಕ 70 ಸೀಟು, ರಾಜ್ಯಮಟ್ಟದ ಸಂಸ್ಥೆಗಳೊಳಗ ನೂರಕ್ಕ 8 ಸೀಟು ಈ ಭಾಗದ ಮಕ್ಕಳಿಗೆ ಅಂತ ಮೀಸಲು. ಆದ್ರ ಇದರಿಂದ ಫೀಸಿಗೆ ಲಾಭ ಇಲ್ಲ ಅಂತ ತಿಳ್ಕೊಬ್ಯಾಡ್ರಿ. ಇದರ ಮ್ಯಾಲೆ ಸರ್ಕಾರಿ ಸೀಟ್ ಸಿಕ್ರ ಮ್ಯಾನೇಜ್‌ಮೆಂಟ್ ಸೀಟಿನ ಲಕ್ಷಗಟ್ಟಲೆ ಉಳಿತೈತಿ, ಎಲ್ಲಾ ಸ್ಕಾಲರ್‌ಶಿಪ್ಪಿಗಿಂತ ದೊಡ್ಡ ಉಳಿತಾಯ ಇದು. ಸರ್ಟಿಫಿಕೇಟ್ ಉಪವಿಭಾಗಾಧಿಕಾರಿ ಕಚೇರಿಯಿಂದ ಬರ್ಬೇಕು, ಹಂಗಾಗಿ ಮಗ ಪಿಯುಸಿ ಮೊದಲನೇ ವರ್ಷ ಇದ್ದಾಗ ಮಾಡಿಸಿ ಇಟ್ಕೋರಿ, ಸಿಇಟಿ ಅರ್ಜಿ ಬಿಟ್ಟ ಮ್ಯಾಲೆ ಓಡಾಡಬ್ಯಾಡ್ರಿ. ಹಂಗ ಸಿಇಟಿ ಅರ್ಜಿಯಾಗ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕೋದನ್ನೂ ಮರೀಬ್ಯಾಡ್ರಿ, ಎಸ್‌ಎನ್‌ಕ್ಯೂ ಅಂತ ಇಂಜಿನಿಯರಿಂಗಿನ್ಯಾಗ ಒಂದು ಕೋಟಾ ಐತಿ, ಮಂಜೂರಾದ ಸೀಟಿನ ಮ್ಯಾಲೆ ಇನ್ನ ನೂರಕ್ಕ 5 ಸೀಟು, ಆದಾಯ 8 ಲಕ್ಷದೊಳಗ ಇದ್ದ ಮನಿ ಮಕ್ಕಳಿಗೆ, ಅದರಾಗ ಟ್ಯೂಷನ್ ಫೀಸ್ ಇರೂದಿಲ್ಲ. ಇದು ಖರೇನ ಫೀಸ್ ಮಾಫಿ.

ಪ್ರಶ್ನೆ: ಅಕ್ಕ, ನಾನು ಬಳ್ಳಾರಿ. ಅಪ್ಪ ಜೀನ್ಸ್ ಹೊಲಿಯೋ ಘಟಕದಾಗ ಟೇಲರ್. ಸಿಇಟಿ ಮ್ಯಾಲೆ ಬೆಂಗಳೂರಿನ್ಯಾಗ ಬಿಇ ಸೀಟ್ ಸಿಕ್ಕೈತಿ, ಎಜುಕೇಷನ್ ಲೋನಿಗೆ ಬ್ಯಾಂಕಿಗೆ ಹೋದ್ರ ಮ್ಯಾನೇಜರ್ ಮನಿ ಪತ್ರ ತಗೊಂಡು ಬಾ, ಸೆಕ್ಯೂರಿಟಿ ಇಲ್ದ ಕೊಡೂದಿಲ್ಲ ಅಂದ್ರು. ನಮ್ಮದು ಬಾಡಿಗಿ ಮನಿ. ಅಪ್ಪಂದು ಹಳೇ ಬೈಕ್ ಲೋನ್ ಎರಡು ಕಂತು ತಪ್ಪಿತ್ತು, ಸಿಬಿಲ್ (ಹಳೇ ಸಾಲ ತೀರ್ಸಿದ್ದರ ದಾಖಲೆ) ಸರಿ ಇಲ್ಲ ಅಂತನೂ ಅಂದ್ರು. ಮುಂದ?

ಉತ್ತರ: ಮೊದ್ಲು ನಿಯಮ ತಿಳ್ಕೋ ತಮ್ಮಾ, ಯಾಕಂದ್ರ ನಿಯಮ ಗೊತ್ತಿದ್ದ ಹುಡುಗನ ಕೂಡ ಮಾತಾಡೋ ರೀತಿನ ಬ್ಯಾರೆ ಇರ್ತೈತಿ. ಬ್ಯಾಂಕುಗಳ ಸಂಘ ಮಾಡಿದ ಮಾದರಿ ಶಿಕ್ಷಣ ಸಾಲದ ಯೋಜನೆ ಪ್ರಕಾರ 4 ಲಕ್ಷದ ತನಕ ಆಸ್ತಿ ಅಡಮಾನ ಬೇಕಿಲ್ಲ, ಅಪ್ಪ ಇಲ್ಲಾ ಅಮ್ಮ ಜಂಟಿ ಸಾಲಗಾರ ಆದ್ರ ಸಾಕು, ನಿನ್ನ ಕೈಯಿಂದ ಹಾಕೋ ಪಾಲೂ ಇಲ್ಲ. 7.5 ಲಕ್ಷದ ತನಕದ ಸಾಲಕ್ಕ ಕೇಂದ್ರ ಸರ್ಕಾರದ ಕ್ರೆಡಿಟ್ ಗ್ಯಾರಂಟಿ ಐತಿ, ಅದರೊಳಗ ಕೊಟ್ರ ಅಡಮಾನಾನೂ ಬ್ಯಾಡ, ಮೂರನೇಯವನ ಜಾಮೀನೂ ಬ್ಯಾಡ. ಫೀಸು, ಹಾಸ್ಟೆಲು, ಪುಸ್ತಕ, ಲ್ಯಾಪ್‌ಟಾಪ್ ಎಲ್ಲಾ ಸಾಲದಾಗ ಸೇರಿಸ್ಬಹುದು. ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಶುರು ಆಗೂದಿಲ್ಲ, ತೀರ್ಸೋದಕ್ಕ 15 ವರ್ಷದ ತನಕ ಟೈಮ್ ಕೊಡ್ತಾರ.

ಬಡ್ಡಿ ವಿಷಯ ಕೇಳು, ಇದನ್ನ ಬ್ಯಾಂಕಿನವ್ರು ತಾವಾಗಿ ಹೇಳೋದು ಕಮ್ಮಿ. ಮನಿ ಆದಾಯ ವರ್ಷಕ್ಕ 4.5 ಲಕ್ಷದೊಳಗ ಇದ್ದು, ಟೆಕ್ನಿಕಲ್ ಇಲ್ಲಾ ಪ್ರೊಫೆಷನಲ್ ಕೋರ್ಸ್ ಆಗಿದ್ದು, ಕಾಲೇಜಿಗೆ ನ್ಯಾಕ್ ಇಲ್ಲಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ರ, ಓದೋ ವರ್ಷ ಮತ್ತ ಅದರ ಮ್ಯಾಲೆ ಒಂದು ವರ್ಷದ ಬಡ್ಡಿ ಪೂರ್ತಿ ಕೇಂದ್ರ ಸರ್ಕಾರ ಕಟ್ತೈತಿ. ಇದು ಸಾಲ ತಗೊಳ್ಳೋವಾಗ್ಲೇ ಬ್ಯಾಂಕಿಗೆ ಆದಾಯ ಪ್ರಮಾಣಪತ್ರ ಕೊಟ್ಟು ಹೇಳ್ಬೇಕು, ಆಮ್ಯಾಲೆ ನೆನಪಾದ್ರ ಕಷ್ಟ. ಇನ್ನ 2024ರ ನವೆಂಬರ್‌ನ್ಯಾಗ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಅಂತ ಐತಿ, ಆರಿಸಿದ ಸಂಸ್ಥೆಗಳಿಗೆ (ಶುರುವಿಗೆ 860 ಇದ್ದವು) ಮೆರಿಟ್ ಮ್ಯಾಲೆ ಸೇರಿದವ್ರಿಗೆ ಅಡಮಾನ, ಜಾಮೀನು ಇಲ್ದ ಸಾಲ, ಆದಾಯ 8 ಲಕ್ಷದೊಳಗ ಇದ್ರ 10 ಲಕ್ಷದ ತನಕದ ಸಾಲಕ್ಕ ಬಡ್ಡಿಯೊಳಗ ನೂರಕ್ಕ 3 ರಿಯಾಯಿತಿ. ನಿನ್ನ ಕಾಲೇಜ್ ಆ ಪಟ್ಟಿಯೊಳಗ ಐತೇನು ಅಂತ ಪೋರ್ಟಲ್‌ನ್ಯಾಗ ನೋಡು. ಮ್ಯಾನೇಜ್‌ಮೆಂಟ್ ಕೋಟಾದವ್ರಿಗೆ ಇದು ಸಿಗೂದಿಲ್ಲ, ನಿಂದು ಸಿಇಟಿ ಸೀಟು, ಆ ಚಿಂತಿ ಇಲ್ಲ.

ಈಗ ಮ್ಯಾನೇಜರ್ ಮಾತಿಗೆ ಬರೋಣ. ಅವ್ರು ಬಾಯಿಲೆ ಇಲ್ಲ ಅಂದ್ರ ಅದು ಇಲ್ಲ ಅಲ್ಲ. ಕೌಂಟರ್ ಮುಂದ ನಿಂತು ಕೇಳಿ ವಾಪಸ್ ಬರೋದನ್ನ ಬಿಡು, ವಿದ್ಯಾಲಕ್ಷ್ಮಿ ಪೋರ್ಟಲ್‌ನ್ಯಾಗ ಅರ್ಜಿ ಹಾಕು. ಅಲ್ಲಿ ಹಾಕಿದ ಅರ್ಜಿಗೆ ನಂಬರ್ ಬರ್ತೈತಿ, ಬ್ಯಾಂಕ್ ಅದಕ್ಕ ಉತ್ತರ ಕೊಡ್ಬೇಕಾಗ್ತೈತಿ, ತಿರಸ್ಕಾರ ಮಾಡಿದ್ರ ಕಾರಣ ಬರೀಬೇಕಾಗ್ತೈತಿ. ನಿಮ್ಮ ಏರಿಯಾ ನಮಗ ಬರೂದಿಲ್ಲ ಅಂತ ಒಂದು ಕಾರಣ ಹೇಳಿ ಶಿಕ್ಷಣ ಸಾಲ ತಿರಸ್ಕಾರ ಮಾಡಬಾರ್ದು ಅಂತ ರಿಸರ್ವ್ ಬ್ಯಾಂಕ್ ಹೇಳೈತಿ, ಅದನ್ನೂ ನೆನಪಿಟ್ಕೋ. ನಿಮ್ಮಪ್ಪನ ಪಗಾರ ಯಾವ ಬ್ಯಾಂಕಿನ್ಯಾಗ ಬರ್ತೈತೋ, ಅಮ್ಮನ ಸಂಘದ ಖಾತೆ ಎಲ್ಲಿ ಐತೋ ಅಲ್ಲೂ ಕೇಳು. ಕರ್ನಾಟಕ ಗ್ರಾಮೀಣ ಬ್ಯಾಂಕಿನ ಹೆಡ್ ಆಫೀಸ್ ನಿಮ್ಮ ಬಳ್ಳಾರಿಯೊಳಗ ಐತಿ. ಶಾಖೆಯೊಳಗ ಬಗೆಹರೀಲಿಲ್ಲ ಅಂದ್ರ ಪ್ರತಿ ಜಿಲ್ಲೆಗೂ ಒಬ್ಬ ಲೀಡ್ ಬ್ಯಾಂಕ್ ಮ್ಯಾನೇಜರ್ ಇರ್ತಾರ, ಅರ್ಜಿ ನಂಬರ್ ಬರದು ಅವ್ರಿಗೆ ಒಂದು ಪತ್ರ ಕೊಡು.

ಸಿಬಿಲ್ ಮಾತ್ರ ನಿಜವಾದ ತೊಡಕು, ಸುಳ್ಳು ಸಮಾಧಾನ ನಾ ಹೇಳೂದಿಲ್ಲ. ಬೈಕಿನ ಆ ಎರಡು ಕಂತು ಇನ್ನೂ ಬಾಕಿ ಇದ್ರ ಮೊದ್ಲು ಕಟ್ಟಿ ಮುಗಿಸ್ರಿ, ಬಾಕಿ ಇಲ್ಲ ಅಂತ ಪತ್ರ ತಗೋರಿ, ಅದನ್ನ ಅರ್ಜಿ ಜತಿಗೆ ಇಡ್ರಿ. ಕಟ್ಟಿ ಮುಗಿಸಿದ್ರೂ ಬಾಕಿ ಅಂತ ತೋರಿಸ್ತಿದ್ರ ಆ ಫೈನಾನ್ಸ್‌ನವ್ರಿಗೆ ಬರವಣಿಗಿಯಾಗ ಕೇಳ್ರಿ. ಅಮ್ಮನ ಹೆಸ್ರಿನ್ಯಾಗ ಯಾವ ಸಾಲದ ಗಲಾಟಿನೂ ಇಲ್ಲಂದ್ರ ಅಮ್ಮನ್ನ ಜಂಟಿ ಸಾಲಗಾರಳು ಮಾಡ್ರಿ. ನಮ್ಮ ಹೆಣ್ಮಕ್ಕಳು ಸಂಘದ ಕಂತು ತಪ್ಪದ ಕಟ್ಟಿರ್ತಾರ, ಆ ದಾಖಲೆಗೆ ಬೆಲೆ ಐತಿ.

ಆದ್ರ ತಮ್ಮಾ, ಸಾಲದ ಮೊತ್ತ ಬರಿಯೋ ಮೊದ್ಲು ಮ್ಯಾಲೆ ಕಾರಟಗಿ ತಾಯಿಗೆ ಬರದಿದ್ದನ್ನ ಪೂರ್ತಿ ಓದು. ಪ್ರಗತಿ ಹುಡುಗ್ಯಾರಿಗೆ ಮಾತ್ರ, ಆದ್ರ ನಿನಗ ಕೇಂದ್ರದ ಇನ್ನೊಂದು ಸ್ಕಾಲರ್‌ಶಿಪ್ ಐತಿ, ಪಿಯುಸಿಯೊಳಗ ಬೋರ್ಡಿನ ಮ್ಯಾಲಿನ ನೂರಕ್ಕ ಇಪ್ಪತ್ತರೊಳಗ ಬಂದಿದ್ದು ಆದಾಯ 4.5 ಲಕ್ಷದೊಳಗ ಇದ್ರ ಡಿಗ್ರಿಯ ಮೊದಲ ಮೂರು ವರ್ಷ 12,000ದಂಗ ಬರ್ತೈತಿ, ಬಿಇಗಾದ್ರ ನಾಕನೇ ವರ್ಷ 20,000. ಎಷ್ಟು ಸ್ಕಾಲರ್‌ಶಿಪ್ ಬರ್ತೈತೋ ಅಷ್ಟು ಸಾಲ ಕಮ್ಮಿ ಬರಿ. ಕೊಡ್ತಾರ ಅಂತ ಎಲ್ಲಾ ತಗೊಂಡ್ರ ಮುಂದ ತೀರ್ಸೋನು ನೀನ.

ಪ್ರಶ್ನೆ: ಸಿಂಧನೂರಿನಾಗ ಒಬ್ಬ ಏಜೆಂಟ್ 2,000 ಕೊಟ್ರ 50,000 ಸ್ಕಾಲರ್‌ಶಿಪ್ ಪಕ್ಕಾ ಮಾಡಿಸ್ತೀನಿ ಅಂತಾನ, ಆಧಾರ್ ಓಟಿಪಿ ಕೇಳ್ತಾನ. ಕೊಡ್ಲೇನ್ರಿ?

ಉತ್ತರ: ಕೊಡಬ್ಯಾಡ್ರಿ. ದುಡ್ಡೂ ಕೊಡಬ್ಯಾಡ್ರಿ, ಓಟಿಪಿಯಂತೂ ಕೊಡಲೇಬ್ಯಾಡ್ರಿ. ಎಸ್‌ಎಸ್‌ಪಿ, ಎನ್‌ಎಸ್‌ಪಿ ಎರಡಕ್ಕೂ ಅರ್ಜಿ ಫೀಸಿಲ್ಲ. ಟೈಪ್ ಮಾಡಿ ಅಪ್‌ಲೋಡ್ ಮಾಡೋ ಕೂಲಿ ಅಂತ ಸೈಬರ್ ಸೆಂಟರಿನವ್ರು ಏನೋ ತಗೊಳ್ತಾರ, ಅದು ಬ್ಯಾರೆ. ಪಕ್ಕಾ ಮಾಡಿಸೋ ಅಧಿಕಾರ ಆ ಏಜೆಂಟಗ ಯಾರೂ ಕೊಟ್ಟಿಲ್ಲ. ಸೈಬರಿನ್ಯಾಗ ತುಂಬಿಸಿದ್ರೂ ನಿಮ್ಮ ಮೊಬೈಲ್ ನಂಬರ್ ಹಾಕ್ಸಿ, ಪಾಸ್‌ವರ್ಡ್ ಒಂದು ನೋಟ್‌ಬುಕ್ಕಿನ್ಯಾಗ ಬರ್ಕೊಂಡು ಬರ್ರಿ. ಅಂಗಡಿಯವನ ನಂಬರ್ ಹಾಕಿ ಬಿಟ್ಟು, ಮುಂದಿನ ವರ್ಷ ರಿನೀವಲ್‌ಗೆ ಓಟಿಪಿ ಬೇಕಾದಾಗ ಅಂಗಡಿನ ಇಲ್ಲದ ಅತ್ತವ್ರು ಬಾಳ ಮಂದಿ.

ಪ್ರಶ್ನೆ: ನನ್ನ ಹೆಸ್ರು ಆಧಾರ್‌ನ್ಯಾಗ ಲಕ್ಷ್ಮಿ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ್ಯಾಗ ಮಹಾಲಕ್ಷ್ಮಿ ಅಂತ ಐತಿ. ಎಸ್‌ಎಸ್‌ಪಿಯೊಳಗ ಹೆಸ್ರು ಹೊಂದೂದಿಲ್ಲ ಅಂತ ಬರ್ತೈತಿ. ಯಾವುದನ್ನ ಬದಲು ಮಾಡ್ಸಲಿ ಮೇಡಂ? (ಗಂಗಾವತಿ)

ಉತ್ತರ: ಆಧಾರ್ ಬದಲು ಮಾಡ್ಸವ್ವಾ, ಮಾರ್ಕ್ಸ್ ಕಾರ್ಡ್ ಮುಟ್ಟಬ್ಯಾಡ. ಮಾರ್ಕ್ಸ್ ಕಾರ್ಡ್ ತಿದ್ದಿಸೋದು ವರ್ಷದ ಓಡಾಟ, ಮತ್ತ ಮುಂದ ಡಿಗ್ರಿ, ನೌಕರಿ ಎಲ್ಲಾ ಆ ಹೆಸ್ರಿನ ಮ್ಯಾಲೆ ನಡಿತಾವ. ಆಧಾರ್‌ನ್ಯಾಗ ಹೆಸ್ರು ಜೀವಮಾನದಾಗ ಎರಡೇ ಸಲ ಬದಲು ಮಾಡ್ಬಹುದು, ಹುಟ್ಟಿದ ತಾರೀಕು ಒಂದೇ ಸಲ, ಹಂಗಾಗಿ ಆಪರೇಟರ್ ಟೈಪ್ ಮಾಡೋವಾಗ ಸ್ಕ್ರೀನ್ ನಿನ್ನ ಕಡೆ ತಿರುಗಿಸಿ ಓದಿಸ್ಕೋ, ಕನ್ನಡದಾಗ ಒಂದು ಸಲ, ಇಂಗ್ಲಿಷಿನ್ಯಾಗ ಒಂದು ಸಲ, ಇನಿಶಿಯಲ್ ಮುಂದ ಐತೋ ಹಿಂದ ಐತೋ ಅದನ್ನೂ ನೋಡು. ಆಧಾರ್ ಸರಿಯಾದ ಮ್ಯಾಲೆ ಜಾತಿ ಆದಾಯ ಪ್ರಮಾಣಪತ್ರದಾಗ ಯಾವ ಹೆಸ್ರು ಐತಿ ಅಂತ ತೆಗೆದು ನೋಡು, ಅಲ್ಲೂ ಲಕ್ಷ್ಮಿ ಅಂತ ಇದ್ರ ನಾಡಕಚೇರಿಯೊಳಗ ಹೊಸಾದು ಮಾಡ್ಸು, ಹೆಂಗೂ ಆದಾಯ ಪ್ರಮಾಣಪತ್ರ ಐದು ವರ್ಷಕ್ಕ ಮುಗಿತೈತಿ. ಬ್ಯಾಂಕ್ ಪಾಸ್‌ಬುಕ್ ಕೊನೀಗೆ. ಇದೇ ಕ್ರಮದಾಗ ಮಾಡು, ಹಿಂದ ಮುಂದ ಮಾಡಿದ್ರ ಒಂದೇ ಆಫೀಸಿಗೆ ಎರಡು ಸಲ ತಿರುಗಬೇಕಾಗ್ತೈತಿ. ಆಧಾರ್ ಸೆಂಟರಿಗೆ ಹೋಗೋ ದಿನ ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಒಯ್ಯಿ, ಜೆರಾಕ್ಸ್ ತೋರ್ಸಿದ್ರ ವಾಪಸ್ ಕಳಿಸ್ತಾರ.